ಹಿಂದಕ್ಕೆ ನಲವತ್ತು ಹೆಜ್ಜೆ

ಆ ಊರಿನಲ್ಲಿ ಬಂದ ದಾರಿಯಲ್ಲಿ ಯಾರೂ ಹಿಂದಿರುಗುವುದಿಲ್ಲ.

ಸಮುದ್ರಕ್ಕೆ ಮುಖ ಮಾಡಿ ಕೂತ ಹಳೆಯ ಊರು. ಸುಣ್ಣದ ಗೋಡೆಗಳಿಗೆಲ್ಲ ಉಪ್ಪು ಹಿಡಿದಿದೆ. ಊರಿಗೆ ಇರುವುದು ಒಂದೇ ಬೀದಿ. ಚಕ್ಕುಲಿಯ ಹಾಗೆ ಸುತ್ತಿ ಸುತ್ತಿ ಒಳಗೆ ಹೋಗುತ್ತದೆ, ಸುತ್ತಿ ಸುತ್ತಿಯೇ ಹೊರಗೆ ಬಂದು ಶುರುವಾದಲ್ಲಿಗೆ ಸೇರುತ್ತದೆ. ಆ ಬೀದಿಯಲ್ಲಿ ಎಲ್ಲರೂ ಮುಂದಕ್ಕೆ ನಡೆಯುತ್ತಾರೆ. ನೀರು ತರುವವರು ಮುಂದಕ್ಕೆ, ಮೀನು ಮಾರುವವರು ಮುಂದಕ್ಕೆ, ದಿಬ್ಬಣ ಮುಂದಕ್ಕೆ, ಹೆಣ ಮುಂದಕ್ಕೆ. ಹಿಂದಿನ ಮನೆಯಿಂದ ಒಂದು ಎಸಳು ಕರಿಬೇವು ಬೇಕಾದರೂ ಊರೆಲ್ಲ ಸುತ್ತಿಕೊಂಡು ಬರಬೇಕು. ಅದಕ್ಕೆ ಅಲ್ಲಿಯ ಹೆಂಗಸರು ಏನು ಬೇಕಾದರೂ ಮುಂದಿನ ಮನೆಯವರಲ್ಲಿ ಕೇಳುತ್ತಾರೆ. ಹಿಂದಿನ ಮನೆಯವರನ್ನು ನೆನಪು ಮಾಡಿಕೊಳ್ಳುತ್ತಾರೆ, ಅಷ್ಟೆ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಊರಿನ ಬಂದರಿಗೆ ಒಂದು ದೊಡ್ಡ ಬಿಳಿ ಹಡಗು ಬಂತು. ಊರೂರು ನೋಡಿಕೊಂಡು ಹೋಗುವವರ ಹಡಗು. ಸಂಜೆ ನಾಲ್ಕರವರೆಗೆ ಅಲ್ಲಿ ನಿಲ್ಲುತ್ತದೆ, ಇಳಿದು ನಡೆದು ನೋಡಿ ಬರಬಹುದು ಎಂದರು. ಮಧ್ಯಾಹ್ನ ಎರಡಕ್ಕೊಂದು ಸಲ, ಮೂರಕ್ಕೊಂದು ಸಲ, ನಾಲ್ಕಕ್ಕೊಂದು ಸಲ ಹಡಗು ಕೂಗುತ್ತದೆ. ಮೂರನೆಯ ಕೂಗಿಗೆ ಹಗ್ಗ ಬಿಚ್ಚುತ್ತಾರೆ.

ಇಳಿದವರಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕನಿಗೆ ಎಪ್ಪತ್ತೆರಡು, ತಂಗಿಗೆ ಅರವತ್ತೈದು. ಅಕ್ಕ ಮೂವತ್ತೈದು ವರ್ಷ ಹೊಲಿಗೆ ಮೆಷಿನ್ ತುಳಿದವಳು. ಮಂಡಿ ಎರಡೂ ಸವೆದುಹೋಗಿದ್ದವು. ತಂಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಕಾಲು ಸುಮ್ಮನೆ ಕೂತಿರಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ. ಸಂಜೆ ವಾಕಿಂಗ್ ಹೊರಟರೆ ತಂಗಿ ಸರಸರ ಮುಂದೆ ಹೋಗುವಳು, ತಿರುವಿನವರೆಗೆ ಹೋಗಿ ಮತ್ತೆ ಅಕ್ಕನ ಹತ್ತಿರ ಬರುವಳು, ಮತ್ತೆ ಮುಂದೆ ಹೋಗುವಳು. ಅಕ್ಕ ಒಂದು ಮೈಲಿ ನಡೆದರೆ ತಂಗಿ ಮೂರು ಮೈಲಿ ನಡೆದಿರುತ್ತಿದ್ದಳು.

ಬಂದರಿನ ಬಾಗಿಲಲ್ಲಿ ಕೂತಿದ್ದ ಕಾವಲುಗಾರ ಎಲ್ಲರಿಗೂ ಹೇಳಿದ ಹಾಗೆ ಇವರಿಗೂ ಹೇಳಿದ: "ಅಮ್ಮಾ, ಮುಂದೆ ಮಾತ್ರ ಹೋಗಿ. ಅಲ್ಲಲ್ಲಿ ಬಂದರಿಗೆ ಇಳಿಯೋ ಮೆಟ್ಟಿಲು ಸಿಗ್ತವೆ, ಸಾಕು ಅನ್ನಿಸಿದಾಗ ಇಳಿದು ಬನ್ನಿ. ಬಂದ ದಾರೀಲಿ ಮಾತ್ರ ತಿರುಗಬೇಡಿ."

"ತಿರುಗಿದರೆ ಏನಾಗುತ್ತೆ?" ಎಂದಳು ತಂಗಿ.

"ತಿರುಗಿದೋರನ್ನ ಹಿಂದೆ ಇರೋರು ಗುರುತು ಹಿಡಿಯಲ್ಲ."

"ಎಷ್ಟು ಹೊತ್ತಿನವರೆಗೆ?"

ಕಾವಲುಗಾರ ಮುಂದಿನವರನ್ನು ಕರೆದ. ತಂಗಿ ನಕ್ಕಳು. ಅಕ್ಕ ನಗಲಿಲ್ಲ, ಸೆರಗು ಹೊದ್ದುಕೊಂಡು ಆ ಹೊಸಿಲನ್ನು ಬಲಗಾಲಿಟ್ಟು ದಾಟಿದಳು.

ಅವರು ನಡೆದರು. ಎರಡೂ ಕಡೆ ಸುಣ್ಣದ ಗೋಡೆ, ಗೋಡೆಯ ಮೇಲೆ ಒಣಹಾಕಿದ ಬಲೆ, ಬಲೆಯ ಮೇಲೆ ಕಾಗೆ. ಎಲ್ಲೂ ಸಮುದ್ರ ಕಾಣುತ್ತಿರಲಿಲ್ಲ, ಎಲ್ಲೆಲ್ಲೂ ಅದರ ಸದ್ದು ಇತ್ತು. ಒಂದು ಸುತ್ತು ನಡೆದರು, ಎರಡನೆಯ ಸುತ್ತಿಗೆ ಹೊರಳಿದರು. ತಂಗಿಗೆ ನಿಂತು ನಿಂತು ಹೋಗುವುದು ಕಷ್ಟವಾಗುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋಗುವಳು, ಅಕ್ಕ ಬರುವತನಕ ಕಾಯುವಳು, ಕಾಯುವಾಗ ಕಾಲ್ಬೆರಳಿನ ಮೇಲೆ ಎದ್ದು ಎದ್ದು ಇಳಿಯುವಳು. ಇನ್ನೊಂದು ತಿರುವಿನಾಚೆ ಏನಿದೆಯೋ, ಅದರಾಚೆ ಏನಿದೆಯೋ ಎಂದು ಅವಳ ಮನಸ್ಸು ಕಾಲಿಗಿಂತ ಮುಂದೆ ಓಡುತ್ತಿತ್ತು.

ಹೀಗೆ ಮಧ್ಯಾಹ್ನ ದಾಟಿತು. ಹಳದಿ ಬಾಗಿಲಿನ ಒಂದು ಮನೆಯ ಜಗಲಿಯ ಹತ್ತಿರ ಅಕ್ಕ ನಿಂತಳು.

"ಇಂದೂ, ಇಲ್ಲಿ ಸ್ವಲ್ಪ ಕೂತ್ಕೊಳ್ತೀನಿ ಕಣೆ. ಮಂಡಿ ಹಿಡ್ಕೊಂಡಿದೆ."

"ಕೂತ್ಕೋ. ಆ ತಿರುವಿನಲ್ಲಿ ಏನೋ ಕಿಂಡಿ ಇರೋ ಹಾಗಿದೆ, ಸಮುದ್ರ ಕಾಣುತ್ತೇನೋ. ನೋಡಿ ಬಂದುಬಿಡ್ತೀನಿ. ನೀನು ಇಲ್ಲಿಂದ ಕದಲಬೇಡ."

ಇಬ್ಬರಿಗೂ ಆ ಕ್ಷಣ ಊರಿನ ನಿಯಮ ನೆನಪಾಗಲಿಲ್ಲ. ಆ ಮಾತು ಅವರಿಬ್ಬರ ನಡುವೆ ಸಾವಿರ ಸಲ ಆಡಿದ ಮಾತು. ಅಕ್ಕ ಕೂತಳು, ತಂಗಿ ಹೋದಳು.

ತಿರುವಿನ ಗೋಡೆಯಲ್ಲಿ ನಿಜವಾಗಿಯೂ ಒಂದು ಕಿಂಡಿ ಇತ್ತು. ಅದರಲ್ಲಿ ಸಮುದ್ರ ಇತ್ತು, ಸಮುದ್ರದ ಮೇಲೆ ಬಿಳಿ ಹಡಗು ಇತ್ತು. ನೋಡಿದಳು, ಸಾಕಾಯಿತು. ತಿರುಗಬೇಕೆಂದು ಕಾಲೆತ್ತಿದವಳು ಕಾವಲುಗಾರನ ಮಾತು ನೆನಪಾಗಿ ಅಲ್ಲೇ ನಿಂತಳು. ಎಣಿಸಿ ನಡೆಯುವುದು ಅವಳ ಕಾಲಿನ ಅಭ್ಯಾಸ. ಅಕ್ಕನಿಂದ ಅಲ್ಲಿಗೆ ನಲವತ್ತು ಹೆಜ್ಜೆ.

"ಅಕ್ಕಾ!" ಎಂದು ಕೂಗಿದಳು. "ಎದ್ದು ಬಾ, ನಾನು ಇಲ್ಲಿದ್ದೀನಿ!"

ಅಲೆಯ ಸದ್ದು ಆ ಮಾತನ್ನು ಎತ್ತಿಕೊಂಡು ಎಲ್ಲಿಗೋ ಹೋಯಿತು. ಇನ್ನೊಮ್ಮೆ ಕೂಗಿದಳು, ಮತ್ತೊಮ್ಮೆ ಕೂಗಿದಳು. ತಿರುವಿನಾಚೆಯಿಂದ ಯಾರೂ ಬರಲಿಲ್ಲ. ಅಷ್ಟರಲ್ಲಿ ಹಡಗು ಮೊದಲನೆಯ ಕೂಗು ಹಾಕಿತು.

ಸ್ವಲ್ಪ ಹೊತ್ತಿಗೆ ಮುಂದಿನ ಮನೆಯೊಂದರ ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಟ್ಟೆ ಕಟ್ಟಿದ ಗಂಜಿಯ ಪಾತ್ರೆ ಹಿಡಿದ ಒಬ್ಬ ಮುದುಕ ಹೊಸಿಲಿಗೆ ಬಂದ. ತಂಗಿ ಅವನ ಹತ್ತಿರ ಹೋಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರೂ ಅಕ್ಕನಿಂದ ಅಷ್ಟು ದೂರವಾಗುತ್ತಿದ್ದಳು. ಇದ್ದಲ್ಲಿಂದಲೇ ಕೈಮುಗಿದಳು.

"ಅಜ್ಜಾ, ನನ್ನ ಅಕ್ಕ ಹಿಂದೆ ಕೂತಿದ್ದಾಳೆ, ಹಳದಿ ಬಾಗಿಲ ಮನೆ ಹತ್ತಿರ. ಎದ್ದು ಮುಂದೆ ಬಾ ಅಂತ ಅವಳಿಗೊಂದು ಮಾತು ತಲುಪಿಸ್ತೀರಾ?"

"ತಲುಪಿಸ್ತೀನಿ ತಾಯಿ. ನಾನೂ ಆ ಕಡೆಗೇ ಹೊರಟಿದ್ದು. ಹೊತ್ತು ಮುಳುಗೋ ಹೊತ್ತಿಗೆ ಅಲ್ಲಿರ್ತೀನಿ."

"ಹೊತ್ತು ಮುಳುಗೋವಾಗಲೇ? ಇಲ್ಲೇ ಇದ್ದಾಳಲ್ಲ, ನಲವತ್ತು ಹೆಜ್ಜೆ!"

"ನಮ್ಮಮ್ಮನ ಬಾಗಿಲಿಗೆ ನನ್ನ ಬಾಗಿಲಿಂದ ಹನ್ನೊಂದು ಹೆಜ್ಜೆ," ಎಂದ ಮುದುಕ. "ಗಂಜಿ ಬಿಸಿಯಾಗಿ ಹಿಡ್ಕೊಂಡು ಹೊರಡ್ತೀನಿ, ತಲುಪೋವಾಗ ತಣ್ಣಗಾಗಿರುತ್ತೆ. ಒಂದು ಸಲ ನಾನೂ ತಿರುಗಿದ್ದೆ. ಮಳೆ ಬಂತು, ಕೊಡೆ ಅಮ್ಮನ ಮನೇಲಿ ಮರೆತಿದ್ದೆ. ಹನ್ನೊಂದೇ ಹೆಜ್ಜೆ ಅಲ್ವಾ ಅಂದ್ಕೊಂಡೆ. ಅಮ್ಮ ಬಾಗಿಲು ತೆಗೆದು, 'ಯಾರಪ್ಪಾ ನೀನು?' ಅಂದಳು."

"ಆಮೇಲೆ?"

"ಆಮೇಲೇನು? ದಿನಾ ಸುತ್ತಿಕೊಂಡು ಹೋಗಿ ಗಂಜಿ ಕೊಡ್ತೀನಿ. ಯಾರ ಹೊಟ್ಟೇಲಿ ಹುಟ್ಟಿದವನೋ, ಪುಣ್ಯಾತ್ಮ ಅಂತಾಳೆ." ಅವನು ಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿದ. "ನಿಂತುಕೋ ತಾಯಿ. ನಿಮ್ಮಕ್ಕ ತಾನೇ ಎದ್ದು ಬರ್ತಾಳೆ. ಇಲ್ಲಿ ನಿಲ್ಲೋದು ಗೊತ್ತಿರೋರು ಯಾರೂ ಕೆಟ್ಟಿಲ್ಲ."

ಅವನು ಮುಂದಕ್ಕೆ ಹೋದ.

ತಂಗಿ ನಿಂತಳು. ನಿಲ್ಲುವುದು ಅವಳಿಗೆ ಬರುತ್ತಿರಲಿಲ್ಲ. ಗೋಡೆಗೆ ಒರಗಿದಳು, ಒರಗಲಾರದೆ ನೆಟ್ಟಗಾದಳು. ಕಿಂಡಿಯಲ್ಲಿ ಹಡಗು ನೋಡಿದಳು, ತಿರುವು ನೋಡಿದಳು, ಮತ್ತೆ ಹಡಗು ನೋಡಿದಳು. ಅಕ್ಕನಿಗೆ ನಿದ್ದೆ ಹತ್ತಿರಬಹುದೇ? ತಲೆ ಸುತ್ತಿ ಬಿದ್ದಿದ್ದರೆ? ಕದಲಬೇಡ ಎಂದು ನಾನೇ ಹೇಳಿ ಬಂದೆ. ನಾನು ಹೇಳಿದರೆ ಅವಳು ಕದಲುವವಳೇ? ಹೀಗೆ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಒಂದು ಸಲ ಎಣಿಸಿದಳು ನೂರರವರೆಗೆ. ಇನ್ನೊಂದು ಸಲ ಎಣಿಸಿದಳು ಅರವತ್ತರವರೆಗೆ. ಮೂರನೆಯ ಸಲ ಮೂವತ್ತಕ್ಕೆ ಬರುವಾಗ ಹಡಗು ಎರಡನೆಯ ಕೂಗು ಹಾಕಿತು.

'ಅಕ್ಕ ನನ್ನನ್ನು ಎತ್ತಿ ಆಡಿಸಿದವಳು,' ಎಂದುಕೊಂಡಳು. 'ನನ್ನ ಗುರುತು ಅವಳಿಗೆ ಹತ್ತದೆ ಇರುತ್ತದೆಯೇ?'

ತಿರುಗಿದಳು.

ಏನೂ ಆಗಲಿಲ್ಲ. ಗೋಡೆ ಗೋಡೆಯ ಹಾಗೇ ಇತ್ತು, ಬಲೆ ಬಲೆಯ ಹಾಗೇ ಇತ್ತು. ಬೀದಿಯಲ್ಲಿ ಬರುತ್ತಿದ್ದ ಒಬ್ಬ ಹೆಂಗಸು ಎದುರಿಗೆ ಬಂದ ಇವಳನ್ನು ಕಂಡು ಕೊಡ ಇಳಿಸಿ, ಮುಖ ಗೋಡೆಯ ಕಡೆ ಮಾಡಿ ನಿಂತಳು, ಅಷ್ಟೆ. ಇಪ್ಪತ್ತು ಹೆಜ್ಜೆಗೆ ತಂಗಿಗೆ ಧೈರ್ಯ ಬಂತು. ಮೂವತ್ತು ಹೆಜ್ಜೆಗೆ ಹಳದಿ ಬಾಗಿಲು ಕಂಡಿತು. ಅಕ್ಕ ಅಲ್ಲೇ ಇದ್ದಳು. ಜಗಲಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದು, ಆಗತಾನೇ ಅರ್ಧ ಎದ್ದಿದ್ದಳು.

"ಅಕ್ಕಾ! ನಡಿ ನಡಿ, ಎರಡನೇ ಕೂಗು ಆಯ್ತು."

ಅಕ್ಕ ತಲೆಯೆತ್ತಿ ನೋಡಿದಳು. ಸೆರಗು ಸರಿಮಾಡಿಕೊಂಡಳು. ಪರವೂರಿನವರ ಎದುರು ಅವಳು ಯಾವಾಗಲೂ ನಗುವ ಮರ್ಯಾದೆಯ ನಗೆಯೊಂದನ್ನು ನಕ್ಕಳು.

"ನೀವು ಯಾರಮ್ಮಾ? ಹಡಗಿನಲ್ಲಿ ಬಂದೋರಾ?"

ತಂಗಿ ಇನ್ನೂ ಹತ್ತಿರ ಬಂದಳು.

"ಅಕ್ಕಾ, ತಮಾಷೆ ಮಾಡಬೇಡ."

"ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದ್ದೀರಿ ಅನ್ನಿಸುತ್ತೆ," ಎಂದಳು ಅಕ್ಕ ಮೆಲ್ಲಗೆ. "ನನ್ನ ತಂಗಿ ಮುಂದೆ ಹೋದಳು. ಇಲ್ಲೇ ಇರು ಅಂದಿದ್ದಳು. ತುಂಬಾ ಹೊತ್ತಾಯ್ತು. ನಾನೇ ಎದ್ದು ಮುಂದೆ ಹೋಗಿ ನೋಡೋಣ ಅಂತ ಏಳ್ತಾ ಇದ್ದೆ, ಅಷ್ಟರಲ್ಲಿ ನೀವು ಬಂದಿರಿ."

ತಂಗಿ ಜಗಲಿಯ ಕಂಬ ಹಿಡಿದುಕೊಂಡಳು. ಎಣಿಸುತ್ತಿದ್ದಳಲ್ಲ, ಮೂವತ್ತರಿಂದ ನೂರಕ್ಕೆ ಹೋಗುವಷ್ಟು ಹೊತ್ತು ನಿಂತಿದ್ದರೆ ಸಾಕಿತ್ತು.

ಅವಳು ಹೇಳಿ ನೋಡಿದಳು. ಮನೆಯ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಅಕ್ಕನ ಬೆನ್ನಿನ ಮೇಲಿನ ಮಚ್ಚೆಯನ್ನು ಹೇಳಿದಳು. ಹೇಳಿದಷ್ಟೂ ಅಕ್ಕನ ಮುಖದಲ್ಲಿ ಭಯ ಹೆಚ್ಚಿತು. ಗೊತ್ತಿಲ್ಲದವಳೊಬ್ಬಳು ಮನೆಯ ಗುಟ್ಟನ್ನೆಲ್ಲ ಬಲ್ಲಳೆಂದರೆ ಯಾರಿಗಾದರೂ ಭಯವಾಗುತ್ತದೆ. ಅಕ್ಕ ಮತ್ತೆ ಕೂತುಬಿಟ್ಟಳು. ಎರಡು ಕೈಯಿಂದಲೂ ಜಗಲಿ ಹಿಡಿದುಕೊಂಡಳು.

"ನೀವು ಹೋಗಿ. ನನ್ನ ತಂಗಿ ಬರದೆ ನಾನು ಏಳೋದಿಲ್ಲ."

ಆಗ ತಂಗಿ ಸುಳ್ಳು ಹೇಳಿದಳು. ಹುಟ್ಟಿದಾಗಿನಿಂದ ನೀನು ಎಂದವಳಿಗೆ ಮೊದಲ ಸಲ ನೀವು ಎಂದಳು.

"ಹೆದರಬೇಡಿ. ನಿಮ್ಮ ತಂಗಿಯೇ ನನಗೆ ಇದನ್ನೆಲ್ಲ ಹೇಳಿ ಕಳಿಸಿದ್ದು. ಅವರು ಹಡಗಿನ ಹತ್ತಿರ ಇದ್ದಾರೆ. ನಿಮ್ಮನ್ನ ಕರ್ಕೊಂಡು ಬಾ ಅಂದ್ರು."

ಅಕ್ಕನ ಮುಖ ಅರಳಿತು. "ನೋಡಿ ಅವಳ ಬುದ್ಧೀನ! ಇಲ್ಲೇ ಇರು ಅಂದಳು, ತಾನು ಹಡಗಿಗೇ ಹೋಗಿ ಮುಟ್ಟಿದಳು. ಮೊದಲೇ ಹೇಳಬಾರದಿತ್ತೇನಮ್ಮಾ? ಬನ್ನಿ, ಬನ್ನಿ."

ಇಬ್ಬರೂ ಮುಂದಕ್ಕೆ ನಡೆದರು. ಅಕ್ಕ ಅವಳ ತೋಳು ಹಿಡಿದಳು. ತಂಗಿ ಹೆಜ್ಜೆಯನ್ನು ಚಿಕ್ಕದು ಮಾಡಿದಳು, ಇನ್ನೂ ಚಿಕ್ಕದು ಮಾಡಿದಳು. ಒಳಗೆ ಪ್ರಾಣ ಹಡಗಿನ ಕಡೆ ಎಳೆಯುತ್ತಿತ್ತು, ಕಾಲು ಅಕ್ಕನ ಮಂಡಿಯ ಮಾತು ಕೇಳುತ್ತಿತ್ತು. ಕಿಂಡಿ ದಾಟಿದರು, ಮುದುಕನ ಮನೆಯ ಮುಚ್ಚಿದ ಬಾಗಿಲು ದಾಟಿದರು. ಬಂದರಿಗೆ ಇಳಿಯುವ ಮೆಟ್ಟಿಲು ಸಿಕ್ಕಿತು. ಒಂದೊಂದೇ ಮೆಟ್ಟಿಲು ಇಳಿದರು. ಇಳಿಯುತ್ತ ಅಕ್ಕ ಮಾತಾಡಿದಳು. ಜೊತೆಯಲ್ಲಿರುವವಳು ಮತ್ತೆ ಸಿಗುವವಳಲ್ಲ ಎಂದು ತಿಳಿದಾಗ ಜನ ಮಾತಾಡುವ ಹಾಗೆ ಮಾತಾಡಿದಳು.

"ಅವಳು ಗಾಳಿ ಇದ್ದ ಹಾಗಮ್ಮ. ಕೂತಲ್ಲಿ ಕೂರೋಳಲ್ಲ. ನಮ್ಮಮ್ಮ ಹೋದಾಗಲೂ ಇರಲಿಲ್ಲ. ಶಾಲೆ ಮಕ್ಕಳನ್ನ ಕರ್ಕೊಂಡು ಆಟದ ಪಂದ್ಯಕ್ಕೆ ಹೋಗಿದ್ದಳು. ಮೂರನೇ ದಿನ ಬಂದಳು."

"ನಿಮ್ಮ ಅಮ್ಮ... ತಂಗಿಯನ್ನ ಕೇಳಿದ್ರಾ?" ಎಂದಳು ತಂಗಿ. ಇಪ್ಪತ್ತೆಂಟು ವರ್ಷದಿಂದ ಅಕ್ಕನನ್ನು ಕೇಳದೆ ಬಿಟ್ಟ ಮಾತು ಅದು. ಮನೆಯಲ್ಲಿ ಆ ಮಾತಿನ ಹತ್ತಿರ ಬಂದಾಗಲೆಲ್ಲ ಎದ್ದು ವಾಕಿಂಗ್ ಹೊರಡುತ್ತಿದ್ದಳು.

ಅಕ್ಕ ಮೆಟ್ಟಿಲ ಮೇಲೆ ನಿಂತಳು. ಉಸಿರು ತೆಗೆದುಕೊಂಡಳು.

"ಅವಳನ್ನೇ ಕೇಳಿದ್ದು. ಇಂದು ಬಂದಳಾ, ಇಂದು ಬಂದಳಾ ಅಂತ ರಾತ್ರಿಯೆಲ್ಲ. ಬೆಳಗಾಗೋ ಹೊತ್ತಿಗೆ ಅಮ್ಮನ ಕಣ್ಣು ಮಂಜಾಗಿತ್ತು. ನಾನು ಕೈ ಹಿಡ್ಕೊಂಡು, ಬಂದೆ ಅಮ್ಮಾ, ನಾನು ಇಂದು ಅಂದೆ. ಅಮ್ಮ ನಂಬಿದಳು. ನನ್ನ ತಲೆ ಸವರಿದಳು. ನೀನು ಓಡಾಡ್ಕೊಂಡು ಸುಖವಾಗಿರು ಮಗಳೇ, ನಿನ್ನ ಮೇಲೆ ನನಗೆ ಯಾವ ಬೇಜಾರೂ ಇಲ್ಲ ಅಂದಳು. ಆಮೇಲೆ ಮಾತಾಡಲಿಲ್ಲ."

"ತಂಗಿಗೆ ಹೇಳಲಿಲ್ವಾ?"

"ಯಾವ ಬಾಯಲ್ಲಿ ಹೇಳಲಿ? ಅವಳಿಗೆ ಸೇರಬೇಕಾದ ಮಾತನ್ನ ನಾನು ತಗೊಂಡುಬಿಟ್ಟೆ. ಅವಳ ಹೆಸರಲ್ಲಿ ಕೂತು ತಗೊಂಡೆ."

ತಂಗಿಗೆ ಏನೂ ಕಾಣಲಿಲ್ಲ, ಮೆಟ್ಟಿಲು ಕೂಡ. ಅಕ್ಕನೇ ಅವಳ ತೋಳನ್ನು ಬಿಗಿಯಾಗಿ ಹಿಡಿದು ಇಳಿಸಿದಳು.

ಅವರು ಬಂದರಿಗೆ ಬಂದಾಗ ಉಳಿದವರೆಲ್ಲ ಹತ್ತಿಯಾಗಿತ್ತು. ಏಣಿಯ ಬುಡದಲ್ಲಿ ಹಡಗಿನ ಆಳು ಪಟ್ಟಿ ಹಿಡಿದು ನಿಂತಿದ್ದ. "ಬೇಗ ಬನ್ನಿ ತಾಯಿ, ನೀವಿಬ್ಬರೇ ಬಾಕಿ," ಎಂದ.

ಅಕ್ಕ ಅವನ ಮುಖ ನೋಡಿದಳು. "ನನ್ನ ತಂಗಿ ಒಳಗಿದ್ದಾಳಲ್ಲಪ್ಪಾ? ಇಂದುಮತಿ ಅಂತ."

ಅವನು ಪಟ್ಟಿ ನೋಡಿದ. "ಇಲ್ಲಮ್ಮ. ಭಾಗೀರಥಿ, ಇಂದುಮತಿ, ಇಬ್ಬರೂ ಇನ್ನೂ ಹತ್ತಿಲ್ಲ."

ಅಕ್ಕ ತೋಳು ಬಿಟ್ಟಳು. ಎರಡು ಹೆಜ್ಜೆ ದೂರ ಸರಿದಳು.

"ನನಗ್ಯಾಕೆ ಸುಳ್ಳು ಹೇಳಿದಿರಿ?"

"ಅಕ್ಕಾ, ನಾನೇ ಇಂದು." ತಂಗಿ ಕೈ ಜೋಡಿಸಿದಳು. "ನಾನು ಬೀದೀಲಿ ತಿರುಗಿದೆ, ಅದಕ್ಕೆ ನಿನಗೆ ಗುರುತು ಸಿಗ್ತಾ ಇಲ್ಲ. ಕಾವಲುಗಾರ ಹೇಳಿದ್ದು ನೆನಪು ಮಾಡ್ಕೋ. ನೀನು ಈಗ ಹೇಳಿದ್ದೆಲ್ಲ ನನ್ನ ಹತ್ತಿರವೇ ಹೇಳಿದ್ದು. ಹತ್ತು, ಅಕ್ಕಾ. ಹತ್ತಿಬಿಡು."

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಂಬಲು ನಿಜವಾಗಿಯೂ ಪ್ರಯತ್ನಪಟ್ಟಳು; ಅದು ಅವಳ ಹುಬ್ಬಿನಲ್ಲಿ ಕಾಣುತ್ತಿತ್ತು. ಕೊನೆಗೆ ತಲೆಯಾಡಿಸಿದಳು.

"ಇಲ್ಲಮ್ಮ. ಇಷ್ಟು ದಾರಿ ನೀವು ನನ್ನ ಹೆಜ್ಜೆಗೆ ಹೆಜ್ಜೆ ಹಾಕ್ಕೊಂಡು ಬಂದಿರಿ. ನನ್ನ ತಂಗಿ ಅವಳ ಜನ್ಮದಲ್ಲಿ ಹಾಗೆ ನಡೆದವಳಲ್ಲ."

ಮೂರನೆಯ ಕೂಗು ಬಂತು. ಹಡಗಿನ ಆಳು ಇಬ್ಬರನ್ನೂ ಕರೆದ, ಬೇಡಿದ, ಗದರಿಸಿದ. ಅಕ್ಕ ಬಂದರಿನ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ತಂಗಿಯ ಕಾಲು ಏಣಿಯ ಕಡೆಗೆ ಒಂದು ಸಲ ಎದ್ದಿತು. ಅವಳು ಅದನ್ನು ಕೆಳಗಿಟ್ಟಳು. ಆಳು ಏಣಿ ಎಳೆದುಕೊಂಡ, ಹಗ್ಗ ಬಿಚ್ಚಿದರು, ಬಿಳಿ ಹಡಗು ಬಂದರಿನಿಂದ ಬಿಡಿಸಿಕೊಂಡು ಹೊರಟಿತು.

ಹಡಗು ಕಣ್ಮರೆಯಾದ ಮೇಲೆ ಅಕ್ಕ ಕೇಳಿದಳು: "ನೀವ್ಯಾಕೆ ಹೋಗಲಿಲ್ಲ?"

"ನಿಮ್ಮ ತಂಗಿ ಬರೋವರೆಗೆ ಜೊತೆಗಿರೋಣ ಅಂತ."

"ನಿಮಗೋಸ್ಕರ ಕಾಯೋರು ಯಾರೂ ಇಲ್ವಾ?"

"ಒಬ್ಬರು ಇದ್ದಾರೆ," ಎಂದಳು ತಂಗಿ. "ಅವರು ಕಾಯ್ತಾರೆ."

ಅಕ್ಕ ಕಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಅಮ್ಮನ ವಿಷಯಕ್ಕೆ ನಿಮ್ಮ ತಂಗಿಗೆ ಸಿಟ್ಟು ಬರಲ್ಲ," ಎಂದಳು ತಂಗಿ ಕೂತು.

"ನಿಮಗೆ ಹೇಗೆ ಗೊತ್ತು?"

"ನಾನಾಗಿದ್ದರೆ ಬರ್ತಿರಲಿಲ್ಲ. ಆ ಮಾತನ್ನ ಯಾರೋ ನನಗೋಸ್ಕರ ಜೋಪಾನವಾಗಿ ಇಟ್ಟಿದ್ದರು ಅಂದ್ಕೋತಿದ್ದೆ."

ಅಕ್ಕ ಅಳಲಿಲ್ಲ. ಅವಳ ಭುಜ ಮಾತ್ರ, ಹೊತ್ತ ಗಂಟು ಇಳಿಸಿದವರ ಭುಜದ ಹಾಗೆ, ಸ್ವಲ್ಪ ಕೆಳಗೆ ಬಂತು.

ಬಂದರಿನ ಹತ್ತಿರ ಬಲೆ ನೇಯುವವಳೊಬ್ಬಳು ಅವರಿಗೆ ಮಲಗಲು ಚಾವಡಿ ಕೊಟ್ಟಳು. ಒಂಬತ್ತು ದಿನ ಅಲ್ಲಿದ್ದರು. ದಿನವೂ ಬೆಳಿಗ್ಗೆ ಬೀದಿಗೆ ಹೊರಡುವರು. ಅಕ್ಕ ತಂಗಿಯನ್ನು ಹುಡುಕುತ್ತ ನಡೆಯುವಳು, ತಂಗಿ ಅಕ್ಕನ ಜೊತೆ ನಡೆಯುವಳು. ಪ್ರತಿ ಬಾಗಿಲಲ್ಲೂ ಅಕ್ಕ ಕೇಳುವಳು: "ಸರಸರ ನಡೆಯೋ ಒಬ್ಬ ಹೆಂಗಸನ್ನ ಕಂಡಿರಾ?" ಯಾರೂ ಕಂಡಿರಲಿಲ್ಲ. ತಂಗಿಯ ಒಳಗಿನ ಚಡಪಡಿಕೆ ಹೋಗಿರಲಿಲ್ಲ. ಒಂದೊಂದು ತಿರುವಿನಲ್ಲೂ ಈಗ ಗುರುತು ಹಿಡಿಯುವಳೇ, ಈಗ ಹಿಡಿಯುವಳೇ ಎಂದು ಎದೆ ಹಾರುವುದು. ಆದರೆ ಕಾಲು ಹಾರಲಿಲ್ಲ. ಒಂಬತ್ತು ದಿನದಲ್ಲಿ ಅವಳು ಅಕ್ಕನಿಗಿಂತ ಒಂದು ಗೇಣೂ ಮುಂದೆ ಹೋಗಲಿಲ್ಲ.

ಹತ್ತನೆಯ ದಿನ ಇನ್ನೊಂದು ಹಡಗು ಬಂತು. ಅಕ್ಕ ಅದನ್ನು ನೋಡುತ್ತ ನಿಂತಿದ್ದು, ತಾನೇ ಹೇಳಿದಳು:

"ನನಗೆ ಅನ್ನಿಸ್ತಾ ಇದೆ, ಅವಳು ಈ ಊರಲ್ಲಿಲ್ಲ. ಯಾವಾಗಲೂ ಮುಂದೆ ಹೋಗೋಳೇ ಅಲ್ವಾ? ಹೇಗೋ ಹೋಗಿ ಮನೆ ಸೇರಿರ್ತಾಳೆ. ಬಾಗಿಲು ತೆಗೆದಿಟ್ಟು ಕಾಯ್ತಿರ್ತಾಳೆ. ಹೋಗಿ ಅವಳಿಗೆ ಅಮ್ಮನ ಮಾತು ಹೇಳಿಬಿಡ್ತೀನಿ. ನಿಮಗೆ ಹೇಳಿದ ಮೇಲೆ ಧೈರ್ಯ ಬಂದಿದೆ. ನೀವೂ ಬರ್ತೀರಾ ನಮ್ಮನೆವರೆಗೆ?"

"ಬರ್ತೀನಿ," ಎಂದಳು ತಂಗಿ.

ಆ ಹಡಗಿನ ಏಣಿ ಕಿರಿದಾಗಿತ್ತು, ಅಲೆಗೆ ತೂಗುತ್ತಿತ್ತು. ಅಕ್ಕ ಮೊದಲು ಹತ್ತಿದಳು. ಮೇಲೆ ನಿಂತು ತಿರುಗಿ ನೋಡಿದಳು. ತಂಗಿ ಏಣಿಯ ನಡುವೆ ಕಣ್ಣು ಮಂಜಾಗಿ ನಿಂತುಬಿಟ್ಟಿದ್ದಳು. ಪರಿಚಯವಿಲ್ಲದ ಹೆಂಗಸಿನ ಹೆಸರು ತಿಳಿಯದಿದ್ದಾಗ, ತನಗಿಂತ ಚಿಕ್ಕವಳಾಗಿದ್ದರೆ, ದೊಡ್ಡವರು ಹೇಗೆ ಕರೆಯುತ್ತಾರೋ ಹಾಗೆ ಅಕ್ಕ ಅವಳನ್ನು ಕರೆದಳು.

"ಹೆದರಬೇಡ," ಎಂದಳು. "ಕೈ ಕೊಡು, ತಂಗಿ."

ತಂಗಿ ಕೈ ಕೊಟ್ಟಳು.